ಕಾರಿನ ಗಾಜಿಗೆ ಒಳಗಿನಿಂದಲೇ ಮಬ್ಬು, ಎಡಗಡೆ ಮ್ಯಾಟ್ ಕೆಳಗೆ ಒದ್ದೆ. ಏನು ಮಾಡಬೇಕ್ರಿ?

ತೊಗರಿ_ಹೊಲ, ಕಲಬುರಗಿ

ಶರಣ್ರಿ ಎಲ್ಲರಿಗೂ. ಒಂದು ತಿಂಗಳಿಂದ ತಲೆ ಕೆಟ್ಟು ಹೋಗಿದೆ. ನನ್ನದು 9 ವರ್ಷ ಹಳೆಯ ಸಣ್ಣ ಪೆಟ್ರೋಲ್ ಗಾಡಿ. ಮನೆ ಆಳಂದ ರಸ್ತೆ ಕಡೆ, ಗಾಡಿ ನಿಲ್ಲುವುದು ಬೀದಿಯಲ್ಲಿ, ಬೇವಿನ ಮರದ ಕೆಳಗೆ. ದಿನಾ ಬೆಳಗ್ಗೆ ಆರೂವರೆಗೆ ಸೇಡಂ ಕಡೆ ಡ್ಯೂಟಿ, ಜೊತೆಗೆ ಇನ್ನೂ ಮೂವರು ಬರುತ್ತಾರೆ. ಸೆಪ್ಟೆಂಬರ್ ಮಳೆ ಹಿಡಿದಾಗಿನಿಂದ ಬೆಳಗ್ಗೆ ಬಾಗಿಲು ತೆಗೆದರೆ ಎಲ್ಲಾ ಗಾಜುಗಳ ಒಳಮೈಯಲ್ಲಿ ಸಣ್ಣ ಹನಿ ಕೂತಿರುತ್ತದೆ. ಒರೆಸಿ ಹೊರಟರೆ ಊರು ದಾಟುವಷ್ಟರಲ್ಲಿ ಮತ್ತೆ ಮಬ್ಬು. ಒಂದು ಕೈಯಲ್ಲಿ ಸ್ಟೇರಿಂಗು, ಇನ್ನೊಂದರಲ್ಲಿ ಬಟ್ಟೆ. ಮೊನ್ನೆ ಎದುರಿಗೆ ಸಿಮೆಂಟ್ ಲಾರಿ ಬಂದದ್ದು ಪಕ್ಕದಲ್ಲಿದ್ದವರು ಕೂಗಿದ ಮೇಲೆ ಗೊತ್ತಾಯಿತು.

ಮಾಡಿ ನೋಡಿದ್ದನ್ನೂ ಹೇಳುತ್ತೇನೆ. ಯಾರದೋ ಮಾತು ಕೇಳಿ ಬಟ್ಟಲಲ್ಲಿ ಹರಳುಪ್ಪು ಹಾಕಿ ರಾತ್ರಿ ಡ್ಯಾಶ್‌ಬೋರ್ಡ್ ಮೇಲೆ ಇಟ್ಟೆ. ಬೆಳಗ್ಗೆ ತೆಗೆಯುವುದು ಮರೆತು ಹೊರಟೆ, ಮೊದಲ ಸ್ಪೀಡ್ ಬ್ರೇಕರ್‌ಗೇ ಉಪ್ಪೆಲ್ಲ ಗೇರ್ ಸುತ್ತ ಚೆಲ್ಲಿತು. ಆಮೇಲೆ ಇದ್ದಿಲು ಇಟ್ಟೆ, ವಾಸನೆ ಸ್ವಲ್ಪ ಕಡಿಮೆ ಆಯಿತು ಅಷ್ಟೇ. ಶೇವಿಂಗ್ ಫೋಮ್ ಹಚ್ಚಿ ಒರೆಸಿದೆ, ಎರಡು ದಿನ ಚೆನ್ನಾಗಿತ್ತು. ಒಂದು ಗ್ಯಾರೇಜಿನಲ್ಲಿ ಎಸಿ ಗ್ಯಾಸ್ ಕಮ್ಮಿ ಇದೆ ಅಂತ ತುಂಬಿಸಿ ದುಡ್ಡು ತಗೊಂಡರು, ಮಬ್ಬು ಹಾಗೇ ಇದೆ.

ನಿನ್ನೆ ಎಡಗಡೆ ಮುಂದಿನ ಮ್ಯಾಟ್ ಎತ್ತಿದರೆ ಕಾರ್ಪೆಟ್ ಒತ್ತಿದಲ್ಲೆಲ್ಲ ನೀರು ಬರುತ್ತದೆ. ಮುಗ್ಗಲು ವಾಸನೆ ಬೇರೆ. ಮಬ್ಬಿಗೂ ಇದಕ್ಕೂ ಸಂಬಂಧ ಇದೆಯಾ? ಮೇ ತಿಂಗಳಲ್ಲಿ ಇದ್ಯಾವ ಕಾಟವೂ ಇರಲಿಲ್ಲ.


ಶಹಾಪುರ_ಸವಾರ, ಯಾದಗಿರಿ ಜಿಲ್ಲೆ

ಅಣ್ಣಾ, ಮೊದಲು ಗಾಳಿ ಒಳಗೇ ಸುತ್ತುವ ಬಟನ್ ನೋಡಿ. ಕಾರಿನ ಚಿತ್ರದೊಳಗೆ ಬಾಣ ತಿರುಗಿರುತ್ತದಲ್ಲ, ಅದೇ. ನಮ್ಮ ಕಡೆ ಬಿಸಿಲು, ಧೂಳು ಅಂತ ಮಾರ್ಚ್‌ನಲ್ಲಿ ಅದನ್ನು ಒತ್ತಿದವರು ಮಳೆಗಾಲ ಮುಗಿದರೂ ಬಿಡುವುದಿಲ್ಲ. ಬೇಸಿಗೆಯಲ್ಲಿ ಬೇಗ ತಂಪಾಗಲು ಅದು ಬೇಕೇ ಬೇಕು, ಈಗ ಬೇಡ. ನಾಲ್ಕು ಜನ ಬಿಟ್ಟ ಉಸಿರೆಲ್ಲ ಹೊರಗೆ ಹೋಗಲು ದಾರಿ ಇಲ್ಲದೆ ಗಾಜಿಗೆ ಅಂಟುತ್ತದೆ.

ಹೊರಗಿನ ಗಾಳಿಗೆ ಹಾಕಿ, ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸಿ, ಎಸಿ ಆನ್ ಮಾಡಿ, ಟೆಂಪರೇಚರ್ ಗುಂಡಿಯನ್ನು ಬಿಸಿ ಕಡೆಗೂ ತಿರುಗಿಸಿ. ಎಸಿ, ಹೀಟರ್ ಎರಡೂ ಒಟ್ಟಿಗೆ ಹಾಕಿದರೆ ನಮ್ಮಪ್ಪ ನನಗೆ ಹುಚ್ಚು ಅನ್ನುತ್ತಾರೆ. ಆದರೆ ಎಸಿ ಗಾಳಿಯಲ್ಲಿರುವ ನೀರನ್ನು ಹಿಂಡುತ್ತದೆ, ಹೀಟರ್ ಆ ಒಣ ಗಾಳಿಯನ್ನು ಬಿಸಿ ಮಾಡಿ ಗಾಜಿಗೆ ಬಿಡುತ್ತದೆ. ನನ್ನ ಗಾಡಿಯಲ್ಲಿ ಒಂದೆರಡು ನಿಮಿಷಕ್ಕೆ ಗಾಜು ತಿಳಿಯಾಗುತ್ತದೆ.

ಕಾರ್ಪೆಟ್ ವಿಷಯ ಗೊತ್ತಿದ್ದವರು ಹೇಳಲಿ.


ಪಾನಾ_ಪಕ್ಕಡ, ಕಲಬುರಗಿ

ಸಂಬಂಧ ಇದೆಯಾ ಅಂದ್ರಲ್ಲ ಸರ್, ಇರುವುದೇ ಅದು. ಗಾಜನ್ನು ಬಿಡಿ, ಕಾರ್ಪೆಟ್ ಹಿಡಿಯಿರಿ.

30 ಡಿಗ್ರಿ ಬಿಸಿಯಿದ್ದಾಗ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಿನ ಆವಿ ಹಿಡಿಯುತ್ತದೆ. 20 ಡಿಗ್ರಿಗೆ ಇಳಿದರೆ ಹಿಡಿಯುವುದು 17 ಗ್ರಾಂ ಮಾತ್ರ. ಮಧ್ಯಾಹ್ನದ ಬಿಸಿಲಿಗೆ ನಿಮ್ಮ ಕಾರ್ಪೆಟ್ ನೀರು ಆವಿಯಾಗಿ ಒಳಗಿನ ಗಾಳಿಯನ್ನು ತುಂಬುತ್ತದೆ, ರಾತ್ರಿ ಗಾಜು ತಣ್ಣಗಾದಾಗ ಮಿಕ್ಕಿದ್ದು ಅದರ ಮೇಲೆ ಬಂದು ಕೂರುತ್ತದೆ. ನಾಲ್ಕಾರು ಚಮಚ ನೀರು ಸಾಕು, ಎಲ್ಲಾ ಗಾಜು ಮಬ್ಬಾಗಲು. ಕಾರ್ಪೆಟ್ ಅಡಿಯ ಫೋಮಿನಲ್ಲಿ ಲೀಟರ್‌ಗಟ್ಟಲೆ ನಿಂತಿರುತ್ತದೆ. ಒಂದು ಕಿಲೋ ಸಿಲಿಕಾ ಜೆಲ್ ಇಟ್ಟರೂ ಅದು ಕುಡಿಯುವುದು 300 ಗ್ರಾಂ ಸುತ್ತಮುತ್ತ. ಉಪ್ಪು, ಇದ್ದಿಲು ಎಲ್ಲಾ ಸೋರುವ ಕೊಡ ಹಾಗೇ ಬಿಟ್ಟು ನೆಲ ಒರೆಸಿದ ಹಾಗೆ. ಅದರಲ್ಲೂ ಉಪ್ಪು ಬೇಡವೇ ಬೇಡ, ಅದು ನೀರು ಹೀರಿ ಕರಗಿ ತಗಡಿಗೆ ಇಳಿದರೆ ತುಕ್ಕು ಗ್ಯಾರಂಟಿ. ಚೆಲ್ಲಿದ್ದನ್ನು ಚೆನ್ನಾಗಿ ತೆಗೆದಿರಾ?

ಈಗ ನೀರು ಬರುವ ದಾರಿ. ಎಡಗಡೆ ಮುಂದೆ ಒದ್ದೆ ಅಂದರೆ ಮೊದಲು ಎಸಿ ಮೇಲೆ ಅನುಮಾನ. ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್ ಮೇಲೆ ಸೇರುವ ನೀರು ಒಂದು ಸಣ್ಣ ಪೈಪಿನಿಂದ ಗಾಡಿ ಕೆಳಗೆ ಬೀಳಬೇಕು. ಅದಕ್ಕೆ ಧೂಳು ಕಟ್ಟಿಕೊಂಡರೆ ನೀರೆಲ್ಲ ಕಾಲ ಬಳಿ ಬರುತ್ತದೆ. ಸೆಕೆ ಇರುವಾಗ ಗಾಡಿ ನಿಲ್ಲಿಸಿ 20 ನಿಮಿಷ ಎಸಿ ಓಡಿಸಿ, ಕೆಳಗೆ ಬಗ್ಗಿ ನೋಡಿ. ಟಪಟಪ ಬೀಳುತ್ತಿದ್ದರೆ ಪೈಪು ಸರಿ ಇದೆ. ಬೀಳದಿದ್ದರೆ ಮೆತ್ತಗಿನ ತೆಳು ನಳಿಕೆ ತೂರಿಸಿ ಬಿಡಿಸಬೇಕು. ಜೋರಾಗಿ ಏರ್ ಹೊಡೆಸಬೇಡಿ, ಒಳಗೆ ಪೈಪು ಕಳಚಿಕೊಂಡರೆ ಡ್ಯಾಶ್‌ಬೋರ್ಡ್ ಬಿಚ್ಚುವ ಕೆಲಸ ಆಗುತ್ತದೆ.

ಆದರೆ ನೀವು ಬೇವಿನ ಮರ ಅಂದ್ರಿ, ಅಲ್ಲೇ ನನ್ನ ಕಣ್ಣು. ಬಾನೆಟ್ ಎತ್ತಿ, ವೈಪರ್ ಕೆಳಗಿನ ಪ್ಲಾಸ್ಟಿಕ್ ಜಾಲರಿ ನೋಡಿ. ಮುಂದಿನ ಗಾಜಿನ ಮೇಲೆ ಬಿದ್ದ ಮಳೆ ಆ ಜಾಲರಿ ಕೆಳಗಿನ ತೊಟ್ಟಿಗೆ ಇಳಿದು ಎರಡೂ ತುದಿಯ ತೂತುಗಳಿಂದ ಹೊರಗೆ ಹೋಗುತ್ತದೆ. ಬ್ಲೋವರ್‌ಗೆ, ಅಂದರೆ ಒಳಗೆ ಗಾಳಿ ಊದುವ ಫ್ಯಾನಿಗೆ, ಹೊರಗಿನ ಗಾಳಿ ಹೋಗುವ ಬಾಯಿಯೂ ಅಲ್ಲೇ ಇರುತ್ತದೆ. ಎಲೆ ಕೊಳೆತು ತೂತು ಮುಚ್ಚಿದರೆ ತೊಟ್ಟಿ ತುಂಬಿ ನೀರು ಆ ಬಾಯಿಯಿಂದ ಒಳಗೆ ಇಳಿಯುತ್ತದೆ. ಮೇ ತಿಂಗಳಲ್ಲಿ ಇರಲಿಲ್ಲ ಅಂದ್ರಲ್ಲ, ಎಸಿ ಪೈಪು ಕಟ್ಟಿದ್ದರೆ ಆಗಲೇ ಸೋರಬೇಕಿತ್ತು.

ಇನ್ನೊಂದು, ಒಂದು ಬಿಳಿ ಟಿಶ್ಯೂ ಒತ್ತಿ ನೋಡಿ. ಬಣ್ಣ ಇದ್ದರೆ, ಅಂಟಂಟಾಗಿದ್ದರೆ, ಸಿಹಿ ವಾಸನೆ ಬಂದರೆ ಅದು ಕೂಲೆಂಟ್, ಅಂದರೆ ಇಂಜಿನ್ ತಂಪು ಮಾಡುವ ದ್ರವ, ಅದು ಹರಿಯುವ ಹೀಟರ್ ಕಾಯಿಲ್ ಸೋರುತ್ತಿದೆ ಅಂತ ಅರ್ಥ. ಆಗ ಗಾಜಿನ ಮಬ್ಬೂ ಜಿಡ್ಡಾಗಿರುತ್ತದೆ, ಒರೆಸಿದರೆ ಹರಡುತ್ತದೆ. ಹಾಗಿದ್ದರೆ ತಡ ಮಾಡಬೇಡಿ, ಇಂಜಿನ್ ಬಿಸಿಯಾಗುತ್ತದೆ.


ತೊಗರಿ_ಹೊಲ, ಕಲಬುರಗಿ

ಟಿಶ್ಯೂ ಒತ್ತಿದೆ, ಬಣ್ಣ ಇಲ್ಲ, ಬರೀ ಮಣ್ಣಿನ ವಾಸನೆ. ಎಸಿ ನೀರು ಕೆಳಗೆ ಬೀಳುತ್ತಿದೆ. ಆ ಬಾಣದ ಬಟನ್ ಮಾತ್ರ ಶಹಾಪುರದ ತಮ್ಮ ಹೇಳಿದ ಹಾಗೇ ಒಳಗಿನ ಗಾಳಿಯಲ್ಲೇ ಇತ್ತು, ನಾಚಿಕೆ ಆಯಿತು. ಜಾಲರಿ ನಾಳೆ ಭಾನುವಾರ ಬಿಚ್ಚುತ್ತೇನೆ.


ಕರಿ_ಗುಂಬಜ್, ಬೀದರ್

ಇಷ್ಟೆಲ್ಲಾ ಯಾಕ್ರಿ, ಎರಡು ಗಾಜು ಎರಡು ಬೆರಳು ಇಳಿಸಿದರೆ ಸಾಕು. ನಾನು 30 ವರ್ಷದಿಂದ ಹಾಗೇ ಓಡಿಸುತ್ತಿದ್ದೇನೆ. ಬೀದರ್ ಎತ್ತರದಲ್ಲಿದೆ, ಡಿಸೆಂಬರ್‌ನಲ್ಲಿ ನಿಮಗಿಂತ ಜಾಸ್ತಿ ಥಂಡಿ ನಮಗೆ. ಎಸಿ ಹಾಕಿ ಪೆಟ್ರೋಲ್ ಸುಡುವುದು ಯಾಕೆ?

ಹಾಂ, ಒಂದು ಮಾತು. ಮಳೆಗಾಲದಲ್ಲಿ ಮಬ್ಬು ಹೊರಗೆ ಬರುವುದೂ ಉಂಟು. ಎಸಿಯಿಂದ ಗಾಜು ತಣ್ಣಗಾಗಿ ಹೊರಗಿನ ಸೆಕೆ ಗಾಳಿಯ ನೀರು ಹೊರಮೈಗೆ ಕೂರುತ್ತದೆ. ನಮ್ಮ ಅಳಿಯಂದಿರು ಅರ್ಧ ಗಂಟೆ ಒಳಗಿನಿಂದ ಒರೆಸುತ್ತಾ ಕೂತಿದ್ದರು. ಬೆರಳಲ್ಲಿ ಮುಟ್ಟಿ ನೋಡಿ, ಹೊರಗಿದ್ದರೆ ವೈಪರ್ ಒಂದು ಸಲ ಆಡಿಸಿ, ಎಸಿ ಗಾಳಿ ಗಾಜಿಗೆ ಬಡಿಯದಂತೆ ತಿರುಗಿಸಿ.


ಪಾನಾ_ಪಕ್ಕಡ, ಕಲಬುರಗಿ

ಕಾಕಾ, ನಿಮ್ಮ ಮಾತು ಚಳಿಗಾಲಕ್ಕೆ ಸರಿ. ತಣ್ಣನೆ ಗಾಳಿಯಲ್ಲಿ ಆವಿ ಕಮ್ಮಿ ಇರುತ್ತದೆ, ಅದು ಒಳಗೆ ಬಂದರೆ ಮಬ್ಬು ಹೋಗುತ್ತದೆ. ಸೆಪ್ಟೆಂಬರ್ ಮಳೆಯಲ್ಲಿ ಹೊರಗಿನ ಗಾಳಿಯೇ ಒದ್ದೆ, ಗಾಜು ಇಳಿಸಿದರೆ ಮಳೆಯೂ ಒಳಗೆ ಬರುತ್ತದೆ. ಹೊರಗಿನ ಮಬ್ಬಿನ ಮಾತು ಮಾತ್ರ ನೂರಕ್ಕೆ ನೂರು.


ಎರಡು_ಮಕ್ಕಳ_ಅವ್ವ, ಹುಮನಾಬಾದ್

ನಾನು ಮಕ್ಕಳನ್ನು ಶಾಲೆಗೆ ಬಿಡುವವಳು, ನೀರು ನಮ್ಮ ಜೊತೆಗೇ ಗಾಡಿ ಹತ್ತುತ್ತದೆ. ಒದ್ದೆ ಛತ್ರಿ, ರೇನ್‌ಕೋಟು, ಕ್ಯಾನ್ವಾಸ್ ಶೂ. ಈಗ ಡಿಕ್ಕಿಯಲ್ಲಿ ಒಂದು ಪ್ಲಾಸ್ಟಿಕ್ ಟಬ್ ಇಟ್ಟಿದ್ದೇನೆ, ಒದ್ದೆಯದೆಲ್ಲ ಅದಕ್ಕೆ, ಮನೆಗೆ ಬಂದ ಕೂಡಲೇ ಟಬ್ ಹೊರಗೆ. ಪ್ಲಾಸ್ಟಿಕ್ ಕವರ್ ಹೊದಿಸುವುದನ್ನೂ ಬಿಟ್ಟೆ, ಒದ್ದೆ ಗಾಡಿಗೆ ಅದನ್ನು ಮುಚ್ಚಿದರೆ ಒಳಗೆ ಬೇಯುತ್ತದೆ.

ಗಾಜಿನ ಒಳಮೈ ಕೊನೆಯ ಸಲ ಯಾವಾಗ ತೊಳೆದಿರಿ ಅಣ್ಣ? ಕೊಳೆ ಗಾಜಿಗೆ ಮಬ್ಬು ಬೇಗ ಹಿಡಿಯುತ್ತದೆ. ಡ್ಯಾಶ್‌ಬೋರ್ಡ್ ಪ್ಲಾಸ್ಟಿಕ್ ಬಿಸಿಲಿಗೆ ಕಾದು ತೆಳ್ಳನೆ ಜಿಡ್ಡು ಬಿಡುತ್ತದೆ, ನಮ್ಮವರು ದಿನಾ ಗಾಡಿಯಲ್ಲಿ ದೇವರಿಗೆ ಊದುಬತ್ತಿ ಬೇರೆ ಹಚ್ಚುತ್ತಾರೆ. ನೀರಿಗೆ ಸ್ವಲ್ಪ ವಿನೆಗರ್ ಹಾಕಿ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ, ಒಣ ಬಟ್ಟೆಯಲ್ಲಿ ಇನ್ನೊಂದು ಸಲ. ನಿಮ್ಮ ಶೇವಿಂಗ್ ಫೋಮ್ ಎರಡು ದಿನ ಕೆಲಸ ಮಾಡಿದ್ದೂ ಅರ್ಧ ಇದಕ್ಕೇ ಇರಬೇಕು, ಗಾಜು ತೊಳೆದ ಹಾಗಾಯಿತಲ್ಲ. ಹಿಂದಿನ ಗಾಜಿನಲ್ಲಿ ಡಿಫಾಗರ್ ಗೆರೆ (ಬಿಸಿಯಾಗಿ ಮಬ್ಬು ತೆಗೆಯುವ ಗೆರೆ) ಇದ್ದರೆ ಗೆರೆಯ ಉದ್ದಕ್ಕೇ ಒರೆಸಿ, ಅಡ್ಡ ತಿಕ್ಕಿದರೆ ಕಿತ್ತು ಬರುತ್ತದೆ.


ತೊಗರಿ_ಹೊಲ, ಕಲಬುರಗಿ

ಸಿಕ್ಕಿತು! ಜಾಲರಿ ಬಿಚ್ಚಿದರೆ ಒಳಗೆ ಎರಡು ಬೊಗಸೆ ಬೇವಿನ ಎಲೆ, ಕಡ್ಡಿ, ಕೊಳೆತ ಬೇವಿನ ಕಾಯಿ, ಎಲ್ಲಾ ಸೇರಿ ಸೆಗಣಿ ಹಾಗೆ ಗಟ್ಟಿ. ಎಡಗಡೆ ತೂತು ಕಾಣುತ್ತಲೇ ಇರಲಿಲ್ಲ. ತಂತಿ ಹಾಕಿ ಬಿಡಿಸಿ ಒಂದು ಮಗ್ಗು ನೀರು ಹೊಯ್ದೆ, ಚಕ್ರದ ಹಿಂದೆ ಸೊರ್ ಅಂತ ಬಿತ್ತು. ಆಮೇಲೆ ಮಗ ಒಳಗೆ ಟಾರ್ಚ್ ಹಿಡಿದು ಕೂತ, ನಾನು ಹೊರಗಿನಿಂದ ಪೈಪು ಬಿಟ್ಟೆ. ಒಂದು ಹನಿಯೂ ಒಳಗೆ ಬರಲಿಲ್ಲ. ಗ್ಲೋವ್ ಬಾಕ್ಸ್ ಹಿಂದಿನ ಕ್ಯಾಬಿನ್ ಫಿಲ್ಟರ್ ಕಪ್ಪಾಗಿ ಬೂಷ್ಟು ಹಿಡಿದಿತ್ತು, ಹೊಸದು ಹಾಕಿದೆ.

ಕಾರ್ಪೆಟ್ ತೆಗೆಯುವುದೇ ದೊಡ್ಡ ಕೆಲಸ ಆಯಿತು. ಸೀಟಿನ ಕೆಳಗೆ ಹಳದಿ ಕನೆಕ್ಟರ್ ಇತ್ತು, ಏರ್‌ಬ್ಯಾಗಿನದಂತೆ, ಪರಿಚಯದ ಮಿಸ್ತ್ರಿ ಬಂದು ಬ್ಯಾಟರಿ ವೈರು ತೆಗೆದು ಸ್ವಲ್ಪ ಹೊತ್ತು ಬಿಟ್ಟ ಮೇಲೇ ಸೀಟು ಬಿಚ್ಚಿದರು. ಅಡಿಯ ಫೋಮ್ ಎತ್ತಲು ಇಬ್ಬರು ಬೇಕಾಯಿತು, ಹಿಂಡಿದರೆ ಅರ್ಧ ಬಕೆಟ್ ನೀರು. ಮಾಳಿಗೆ ಮೇಲೆ ಪರಸಿ ಕಲ್ಲಿನ ಮೇಲೆ ಮೂರು ದಿನ ಒಣಗಿಸಿದೆ. ಮೇಲೆ ಒಣಗಿದೆ ಅನ್ನಿಸಿದರೂ ನಡುವೆ ಇನ್ನೂ ತಣ್ಣಗಿತ್ತು, ಅದಕ್ಕೇ ಮೂರನೇ ದಿನ. ತಗಡಿನಲ್ಲಿ ರೂಪಾಯಿ ಅಗಲದ ತುಕ್ಕು ಕಂಡಿತು, ತಿಕ್ಕಿ ಪ್ರೈಮರ್ ಹಚ್ಚಿದ್ದೇನೆ. ಗೇರ್ ಹತ್ತಿರ ಇನ್ನೂ ನಾಲ್ಕು ಕಾಳು ಉಪ್ಪು ಸಿಕ್ಕಿತು ಪಾನಾ ಸರ್, ಬೈಯಬೇಡಿ.

ಇವತ್ತಿಗೆ ಆರು ದಿನ, ಬೆಳಗ್ಗೆ ಗಾಜು ಒಣಗಿರುತ್ತದೆ. ನಾಲ್ವರು ಕೂತಾಗ ಸ್ವಲ್ಪ ಮಬ್ಬು ಬಂದರೂ ಹೊರಗಿನ ಗಾಳಿಗೆ ಹಾಕಿ ಎಸಿ ಬಟನ್ ಒತ್ತಿದರೆ ಹೋಗುತ್ತದೆ. ಈಗ ಒಂದೇ ಪ್ರಶ್ನೆ, ಗಾಡಿ ಮರದ ಕೆಳಗಿಂದ ತೆಗೆಯಬೇಕಾ? ಜಾಲರಿಗೆ ಸೊಳ್ಳೆ ಪರದೆ ತುಂಡು ಅಂಟಿಸಿದರೆ ಆಗುತ್ತದಾ?


ಪಾನಾ_ಪಕ್ಕಡ, ಕಲಬುರಗಿ

ಸೊಳ್ಳೆ ಪರದೆ ಬೇಡ ಸರ್, ಒಂದು ವಾರಕ್ಕೆ ಧೂಳು ಮೆತ್ತಿ ಗಾಳಿಯೇ ಹೋಗುವುದಿಲ್ಲ. ಭಾನುವಾರ ಗಾಡಿ ತೊಳೆಯುವಾಗ ಬಾನೆಟ್ ಎತ್ತಿ ಕೈಯಲ್ಲಿ ಎಲೆ ತೆಗೆಯಿರಿ, ಎರಡು ನಿಮಿಷದ ಕೆಲಸ. ಮರದ ಕೆಳಗಿಂದ ತೆಗೆಯಿರಿ ಅಂತ ಕಲಬುರಗಿಯಲ್ಲಿ ಇದ್ದುಕೊಂಡು ನಾನು ಹೇಗೆ ಹೇಳಲಿ, ಏಪ್ರಿಲ್ ಬಂದರೆ ಆ ನೆರಳಿಗೆ ಮೂರು ಗಾಡಿ ಪಾಳಿ ಹಚ್ಚಿರುತ್ತವೆ.