ಡಾಕ್ಟರನ್ನು ಕೇಳಿ: ಮುಟ್ಟು ನಿಲ್ಲುವಾಗಿನ ಝಳಕ್ಕೆ ನಾರುಬೇರು ನಡೆಯುತ್ತಾ?

(ದಾವಣಗೆರೆ ಹೆಣ್ಣುಮಕ್ಕಳ ಗುಂಪು. ಉತ್ತರಿಸುವವರು ಸ್ತ್ರೀರೋಗ ತಜ್ಞೆ. ಹೆಸರು ಬೇಡ, ಊರು ಸಾಕು.)

ನಿಟುವಳ್ಳಿ: ಮೇಡಂ, ವಯಸ್ಸು 47. ಮುಟ್ಟು ಹಿಂದೆಮುಂದೆ ಆಗುತ್ತಿದೆ. ಇದ್ದಕ್ಕಿದ್ದಂತೆ ಎದೆಯಿಂದ ಮುಖಕ್ಕೆ ಝಳ ಹೊಡೆಯುತ್ತದೆ, ರವಿಕೆ ಒದ್ದೆ. ಮನೆಯಲ್ಲಿ ಬಿಸಿಲಿಗೆ ಅಂತಾರೆ. ಅಗಸೆ ತಿಂದರೆ ಹೋಗುತ್ತಾ?

ಡಾಕ್ಟರ್: ಬಿಸಿಲಿಗಲ್ಲ. ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನ್ ಇಳಿದಾಗ ಮೈಶಾಖ ನೋಡಿಕೊಳ್ಳುವ ಮೆದುಳಿನ ಭಾಗ ಸ್ವಲ್ಪ ಬಿಸಿಗೂ ಗಾಬರಿಯಾಗುತ್ತದೆ. ಅಗಸೆ ಚಟ್ನಿಪುಡಿ ತಿನ್ನಿ, ಹೊಟ್ಟೆಗೆ ಒಳ್ಳೆಯದು. ಆದರೆ ಅಮೆರಿಕದಲ್ಲಿ 188 ಹೆಂಗಸರ ಮೇಲೆ ನಡೆದ ಪರೀಕ್ಷೆಯಲ್ಲಿ ಅಗಸೆ ತಿಂದವರಿಗೂ ತಿನ್ನದವರಿಗೂ ಝಳದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಸೋಯಾದಿಂದ ಕೆಲವರಿಗೆ ಸ್ವಲ್ಪ ಇಳಿಯುತ್ತದೆ, ಎರಡು ಮೂರು ತಿಂಗಳು ಬೇಕು. ಥೈರಾಯ್ಡ್ ಮಾತ್ರೆ ಇದ್ದರೆ ಅದಕ್ಕೂ ಸೋಯಾಕ್ಕೂ ನಡುವೆ ನಾಲ್ಕು ಗಂಟೆ ಬಿಡಿ.

ಹರಿಹರ: ಅಗಸೆ ಉಷ್ಣ ಅಲ್ವಾ? ಝಳ ಇದ್ದವರಿಗೆ ಅದನ್ನ ಹೇಳ್ತಾರಾ!

ಜಗಳೂರು: ನಮ್ಮ ಅತ್ತೆ ದಿನಾ ರೊಟ್ಟಿ ಜೊತೆ ತಿಂದೇ ಎಂಬತ್ತು ದಾಟಿದರು.

ಹರಿಹರ: ಅವರು ಹೊಲದಲ್ಲಿ ದುಡಿದವರು. ನೀವು?

ಪಿ.ಜೆ. ಬಡಾವಣೆ: ವಾಟ್ಸಾಪಲ್ಲಿ ಬಂದಿದ್ದು: ಶತಾವರಿ, ಜ್ಯೇಷ್ಠಮಧು, ಸೋಂಪು ಸಮ ಕುಟ್ಟಿ ದಿನಕ್ಕೆರಡು ಚಮಚ. 21 ದಿನದಲ್ಲಿ ಗ್ಯಾರಂಟಿ. ಸರಿನಾ ಮೇಡಂ?

ಡಾಕ್ಟರ್: ಜ್ಯೇಷ್ಠಮಧು ಜಾಸ್ತಿಯಾದರೆ ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಗ್ಯಾರಂಟಿ ಕೊಟ್ಟವರು ನಿಮ್ಮ ಬಿಪಿ ನೋಡಿದ್ದಾರಾ?

ಹೊನ್ನಾಳಿ: ನನಗೆ 54. ಮುಟ್ಟು ನಿಂತು ಎರಡು ವರ್ಷ. ಇದೇ ಪುಡಿ ತಗೊಂಡೆ, ಝಳ ಕಡಿಮೆ. ನಡುವೆ ಎರಡು ಸಲ ಸ್ವಲ್ಪ ಕಲೆ ಆಯ್ತು. ಮೈ ಶುದ್ಧಿ ಆಗ್ತಿದೆ ಅಂದರು. ಇನ್ನೆಷ್ಟು ದಿನ ತಗೊಳ್ಳಲಿ?

ಡಾಕ್ಟರ್: ಇವತ್ತೇ ನಿಲ್ಲಿಸಿ. ಝಳದ ಮಾತು ಆಮೇಲೆ. ಒಂದು ವರ್ಷ ಮುಟ್ಟಾಗದೆ ಇದ್ದವರಿಗೆ ಮತ್ತೆ ಒಂದು ಹನಿ ಕಂಡರೂ ಅದು ಶುದ್ಧಿಯಲ್ಲ, ಮುಟ್ಟೂ ಅಲ್ಲ. ಹೆಚ್ಚಿನವರಲ್ಲಿ ಗರ್ಭಕೋಶದ ಒಳಪದರ ತೆಳುವಾಗಿ ಹೀಗಾಗುತ್ತದೆ, ಇಲ್ಲವೇ ಚಿಕ್ಕ ಪಾಲಿಪ್, ಅಂದರೆ ಒಳಗೆ ಬೆಳೆದ ಸಣ್ಣ ಗಂಟು ಇರುತ್ತದೆ. ಆದರೆ ಹತ್ತರಲ್ಲಿ ಸುಮಾರು ಒಬ್ಬರಿಗೆ ಗರ್ಭಕೋಶದ ಕ್ಯಾನ್ಸರ್ ಇರುತ್ತದೆ. ಬೇಗ ಸಿಕ್ಕರೆ ಪೂರ್ತಿ ವಾಸಿಯಾಗುವುದೇ ಹೆಚ್ಚು, ಅದಕ್ಕೇ ಅವಸರ ಮಾಡುತ್ತಿದ್ದೇನೆ. ಕೆಳಗಿನಿಂದ ಸ್ಕ್ಯಾನ್ ಮಾಡಿ ಒಳಪದರ ಅಳೆಯುತ್ತಾರೆ. ನಾಲ್ಕು ಮಿಲಿಮೀಟರ್ ಮೀರಿದರೆ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಅಳತೆ ಸರಿಯಿದ್ದೂ ಮತ್ತೆ ರಕ್ತ ಬಂದರೆ ಮತ್ತೆ ತೋರಿಸಬೇಕು. ಪುಡಿಯ ಪೊಟ್ಟಣ ಜೊತೆಗೆ ತನ್ನಿ, ಒಳಗೆ ಏನು ಬೆರೆಸಿದ್ದಾರೋ. ಶುಗರ್ ಇದೆಯಾ? ತೂಕ ಎಷ್ಟು? ಮನೆಯಲ್ಲಿ ಯಾರಿಗಾದರೂ ಗರ್ಭಕೋಶ, ಕರುಳಿನ ಕ್ಯಾನ್ಸರ್ ಆಗಿತ್ತಾ?

ಚಿತ್ರದುರ್ಗ: ನಮ್ಮ ಮನೆಯವರಿಗೆ ರಾತ್ರಿ ನಿದ್ದೆಯಿಲ್ಲ, ಬರೀ ಸಿಟ್ಟು. ಹಾಲಿಗೆ ಅಶ್ವಗಂಧ ಹಾಕಿ ಕೊಡಬಹುದಾ?

ವಿದ್ಯಾನಗರ: ಅಕ್ಕನಿಗೆ ಸ್ತನ ಕ್ಯಾನ್ಸರ್ ಆಗಿ ಅದಕ್ಕೆ ಟಾಮಾಕ್ಸಿಫೆನ್ ಮಾತ್ರೆ ನಡೀತಿದೆ. ಈ ಪುಡಿ ಕೊಡಬಹುದಾ?

ಡಾಕ್ಟರ್: ಬೇಡ. ಅವರ ಕ್ಯಾನ್ಸರ್ ಡಾಕ್ಟರನ್ನು ಕೇಳದೆ ಏನೂ ಬೇಡ.

ಚನ್ನಗಿರಿ: ಝಳಕ್ಕೆ ಅಂತ ಬ್ಲ್ಯಾಕ್ ಕೊಹೋಶ್ ಅನ್ನೋ ವಿದೇಶಿ ಬೇರಿನ ಗುಳಿಗೆ ಆನ್‌ಲೈನಲ್ಲಿದೆ, ತರಿಸಲಾ?

ಡಾಕ್ಟರ್: ಲಿವರ್ ಕೆಟ್ಟ ವರದಿಗಳಿವೆ. ಬೇಡ.

ಪಿ.ಜೆ. ಬಡಾವಣೆ: ಹಾಗಾದರೆ ಶತಾವರಿ ಒಂದೇ ತಗೊಂಡರೆ?

ಡಾಕ್ಟರ್: ಹೊನ್ನಾಳಿಯವರಿಗೆ ಹೇಳಿದ್ದನ್ನು ಮೇಲೆ ಓದಿ.

ಹದಡಿ ರಸ್ತೆ: ನಮ್ಮಲ್ಲಿ ಶುದ್ಧ ಶತಾವರಿ ಪುಡಿ ಸಿಗುತ್ತದೆ. ಇನ್‌ಬಾಕ್ಸ್ ಮಾಡಿ.

ಜಗಳೂರು: ಥೂ, ಇಲ್ಲೂ ಅಂಗಡಿ ಇಟ್ಟರಾ! ಅಡ್ಮಿನ್ ಎಲ್ಲಿದ್ದೀರಿ?

ಹರಿಹರ: ಇಂಗ್ಲಿಷ್ ಡಾಕ್ಟರಿಗೆ ನಾರುಬೇರು ಕಂಡರೆ ಆಗಲ್ಲ. ಕೊನೆಗೆ ಹಾರ್ಮೋನ್ ಬರೆದು ಕೊಡ್ತಾರೆ.

ಡಾಕ್ಟರ್: ಬರೆಯುತ್ತೇನೆ. ಝಳಕ್ಕೆ ಅದರಷ್ಟು ಕೆಲಸ ಮಾಡುವುದು ಬೇರೆ ಇಲ್ಲ. ಆದರೆ ಪರೀಕ್ಷೆ ಮಾಡದೆ ಬರೆಯುವುದಿಲ್ಲ, ಎಲ್ಲರಿಗೂ ಆಗುವುದೂ ಇಲ್ಲ. ಓದಿದ ಆಯುರ್ವೇದದವರ ಹತ್ತಿರ ಹೋದರೂ ಅವರು ಮೊದಲು ರಕ್ತದ ವಿಷಯವನ್ನೇ ಕೇಳುತ್ತಾರೆ. ವಾಟ್ಸಾಪ್ ಫಾರ್ವರ್ಡ್ ಅದನ್ನು ಕೇಳುವುದಿಲ್ಲ. ಹೊನ್ನಾಳಿಯವರೇ, ಯಾವತ್ತು ಬರುತ್ತೀರಿ? ನನ್ನ ಪ್ರಶ್ನೆಗಳು ಹಾಗೇ ಉಳಿದಿವೆ.

ಹೊನ್ನಾಳಿ: ಶುಗರ್ ಇದೆ ಮೇಡಂ. ಸೋಮವಾರ ಮಗಳ ಜೊತೆ ಬರ್ತೀನಿ. ಮನೆಯವರಿಗೆ ಹೇಳೋಕೆ ಮುಜುಗರ.

ಡಾಕ್ಟರ್: ಹೇಳದೆಯೇ ಬನ್ನಿ. ಸೋಮವಾರ ತಪ್ಪಿಸಬೇಡಿ.

ಆವರಗೆರೆ: ಮೇಡಂ, ಅಗಸೆ ಹುರಿದು ತಿನ್ನಬೇಕಾ, ಹಸೀದಾ?

ಹರಿಹರ: ಉಷ್ಣ ಅಂತ ಮೇಲೇ ಹೇಳಿದ್ದೀನಲ್ರೀ!