ಚಳಿಗಾಲ ಹೇಗಿರುತ್ತದೆ ಎಂದು ಅಕ್ಟೋಬರಿನಲ್ಲೇ ಹೇಳುತ್ತಾರಲ್ಲ, ಅದನ್ನು ನಂಬಿ ಎಣ್ಣೆ ತರಿಸಬಹುದಾ?

ದೀಪದಕಂಬ:

ನಮಸ್ಕಾರ. 40 ಮನೆಗಳಿರುವ ಒಂದು ಕಟ್ಟಡದ ನಿರ್ವಹಣೆ ನನ್ನ ಕೆಲಸ. ಇಡೀ ಕಟ್ಟಡವನ್ನು ಬೆಚ್ಚಗಿಡುವುದು ನೆಲಮಾಳಿಗೆಯಲ್ಲಿರುವ ಒಂದೇ ಬಾಯ್ಲರ್. ಅದರ ಎಣ್ಣೆಯನ್ನು ಚಳಿ ಶುರುವಾಗುವ ಮೊದಲೇ ತರಿಸಿ ಟ್ಯಾಂಕಿಗೆ ತುಂಬಿಸಬೇಕು. ಕಳೆದ ಅಕ್ಟೋಬರಿನಲ್ಲಿ ನಾನು ದಿನಾ ನೋಡುವ ಒಂದು ಹವಾಮಾನ ಸೈಟಿನಲ್ಲಿ ‘ಈ ಸಲದ ಚಳಿಗಾಲ ಬೆಚ್ಚಗಿರಲಿದೆ’ ಎಂದು ದಪ್ಪ ಅಕ್ಷರದಲ್ಲಿ ಬಂತು. ನಂಬಿದೆ. ಟ್ಯಾಂಕು ಮುಕ್ಕಾಲು ಮಾತ್ರ ತುಂಬಿಸಿದೆ.

ಡಿಸೆಂಬರ್ ಪೂರ್ತಿ ಹಾಗೇ ಇತ್ತು, ಒಂದು ಸ್ವೆಟರ್ ಸಾಕಾಗುತ್ತಿತ್ತು. ಜನವರಿ ಎರಡನೇ ವಾರ ಚಳಿ ಇಳಿಯಿತು ನೋಡಿ, 11 ದಿನ ಜಗ್ಗಲಿಲ್ಲ. ಎಂಟನೇ ದಿನ ಟ್ಯಾಂಕಿಗೆ ಅಳತೆ ಕೋಲು ಇಳಿಸಿ ಎತ್ತಿದರೆ ತುದಿಯಲ್ಲಿ ಎರಡು ಬೆರಳಿನಷ್ಟು ಮಾತ್ರ ಒದ್ದೆ. ರಸ್ತೆಯೆಲ್ಲ ಹಿಮ, ಟ್ಯಾಂಕರ್ ಬರಲು ಎರಡು ದಿನ ಹಿಡಿಯಿತು. ಆ ರಾತ್ರಿ ನೆಲಮಹಡಿಯ ಅಜ್ಜಿಯೊಬ್ಬರಿಗೆ ಕರೆಂಟ್ ಹೀಟರ್ ಕೊಡಲು ಹೋದಾಗ ಅವರು ಕೋಟು, ಕೈಗವಸು ಹಾಕಿಕೊಂಡೇ ಮಂಚದ ಮೇಲೆ ಕೂತಿದ್ದರು. ಮಾತಾಡಿದರೆ ಅವರ ಉಸಿರು ಕೋಣೆಯೊಳಗೇ ಹೊಗೆಯ ಹಾಗೆ ಕಾಣುತ್ತಿತ್ತು. ಅದನ್ನು ಮರೆಯಲು ನನಗೆ ಇವತ್ತಿಗೂ ಆಗಿಲ್ಲ.

ಈಗ ಮತ್ತೆ ಅಕ್ಟೋಬರ್. ಅದೇ ಸೈಟು, ಅದೇ ಮಾತು. ವಿಷಯ ಗೊತ್ತಿರುವವರು ನೇರವಾಗಿ ಹೇಳಿ. ಮೂರು ತಿಂಗಳ ಮುಂಚಿನ ಈ ಮುನ್ಸೂಚನೆಗಳಿಗೆ ಏನಾದರೂ ಬೆಲೆ ಇದೆಯಾ, ಅಥವಾ ಸುಮ್ನೆ ಊಹೆಯಾ?

ಅಂಕಿಪ್ರೀತಿ:

ನಿಮಗೆ ಆದದ್ದು ಓದಿ ಬೇಜಾರಾಯಿತು. ಉತ್ತರ ಹೇಳುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಕಟ್ಟಡದಲ್ಲಿ ಹೊರಗಿನ ತಾಪಮಾನ ಬರೆದಿಡುವ ಮೀಟರ್ ಇರಬಹುದು, ನೋಡಿ. ಡಿಸೆಂಬರಿನಿಂದ ಫೆಬ್ರವರಿವರೆಗಿನ ಸರಾಸರಿ ತೆಗೆಯಿರಿ. ಅದನ್ನು 1991ರಿಂದ 2020ರವರೆಗಿನ 30 ವರ್ಷದ ಸರಾಸರಿಯ ಜೊತೆ ಹೋಲಿಸಿ. ಈ ಮುನ್ಸೂಚನೆಗಳಲ್ಲಿ ‘ಸಾಧಾರಣ’ ಎಂದರೆ ಸಾಮಾನ್ಯವಾಗಿ ಅದೇ ಸಂಖ್ಯೆ.

ಇನ್ನೊಂದು, ದಪ್ಪ ಅಕ್ಷರದ ಕೆಳಗೆ ಶೇಕಡಾ ಎಷ್ಟು ಎಂದು ಬರೆದಿತ್ತಾ? ನಿಜವಾದ ಮುನ್ಸೂಚನೆ ಇರುವುದು ಅಲ್ಲಿ. ಹಿಂದಿನ 30 ಚಳಿಗಾಲಗಳನ್ನು ಸಾಲಾಗಿ ನಿಲ್ಲಿಸಿ ಮೂರು ಪಾಲು ಮಾಡುತ್ತಾರೆ. 10 ಬೆಚ್ಚಗಿನವು, 10 ನಡುವಿನವು, 10 ತಣ್ಣಗಿನವು. ಏನೂ ಗೊತ್ತಿಲ್ಲದಿದ್ದರೆ ಮೂರಕ್ಕೂ ಶೇ 33. ಇವರು ಲೆಕ್ಕ ಹಾಕಿ ‘ಬೆಚ್ಚಗಿನ ಪಾಲಿಗೆ ಶೇ 45’ ಎನ್ನುತ್ತಾರೆ. ಪತ್ರಿಕೆಯವರು, ಸೈಟಿನವರು ಅದನ್ನೇ ‘ಬೆಚ್ಚಗಿರಲಿದೆ’ ಎಂದು ಬರೆದುಬಿಡುತ್ತಾರೆ. ಮಿಕ್ಕ ಶೇ 55 ಎಲ್ಲಿ ಹೋಯಿತು ಎಂದು ಯಾರೂ ಕೇಳುವುದಿಲ್ಲ.

ದೀಪದಕಂಬ:

ಮೀಟರಿನ ಲೆಕ್ಕ ಈಗಷ್ಟೇ ತೆಗೆದೆ. ಎರಡೆರಡು ಸಲ ಕೂಡಿದೆ. ಮೂರು ತಿಂಗಳ ಸರಾಸರಿ ಸಾಧಾರಣಕ್ಕಿಂತ 0.6 ಡಿಗ್ರಿ ಜಾಸ್ತಿಯೇ ಇದೆ!

ಅಂದರೆ ಅವರು ಹೇಳಿದ್ದೂ ನಿಜ, ಅಜ್ಜಿ ನಡುಗಿದ್ದೂ ನಿಜ. ಹಳೇ ಪುಟ ಹುಡುಕಿ ನೋಡಿದೆ, ಕೆಳಗೆ ಸಣ್ಣದಾಗಿ 45, 33, 22 ಎಂದಿದೆ. ಆಗ ಅದರ ಮೇಲೆ ಕಣ್ಣೇ ಹೋಗಿರಲಿಲ್ಲ.

ಆದರೆ ಇನ್ನೊಂದು ಪ್ರಶ್ನೆ. ಹತ್ತು ದಿನದಾಚೆಯ ಮಳೆಯನ್ನೇ ಸರಿಯಾಗಿ ಹೇಳಲು ಆಗುವುದಿಲ್ಲ, ಹೌದಲ್ವಾ? ಹಾಗಿರುವಾಗ ಮೂರು ತಿಂಗಳದ್ದು ಹೇಗೆ ಹೇಳುತ್ತಾರೆ?

ಕಡಲಹಕ್ಕಿ:

ಒಳ್ಳೆ ಪ್ರಶ್ನೆ. ಎಲ್ಲರೂ ಎಡವುವುದು ಇಲ್ಲೇ. ಸ್ವಲ್ಪ ಉದ್ದ ಬರೆಯುತ್ತೇನೆ.

1961ರ ಚಳಿಗಾಲದಲ್ಲಿ ಎಡ್ವರ್ಡ್ ಲೊರೆಂಜ್ ಎಂಬ ವಿಜ್ಞಾನಿ ಕಂಪ್ಯೂಟರಿನಲ್ಲಿ ಒಂದು ಪುಟ್ಟ ಹವಾಮಾನದ ಮಾದರಿ ಓಡಿಸುತ್ತಿದ್ದರು. ಹಳೇ ಲೆಕ್ಕವೊಂದನ್ನು ಮತ್ತೆ ನೋಡಬೇಕಿತ್ತು. 0.506127 ಎಂದು ಕೊಡುವಲ್ಲಿ ಕಾಗದದ ಮೇಲೆ ಅಚ್ಚಾಗಿದ್ದ 0.506 ಮಾತ್ರ ಕೊಟ್ಟು ಕಾಫಿಗೆ ಹೋದರು. ವಾಪಸ್ ಬಂದು ನೋಡಿದರೆ, ಮೊದಮೊದಲು ಹಳೇದರ ಜೊತೆಗೇ ಸಾಗಿದ ಲೆಕ್ಕ ಆಮೇಲೆ ಪೂರ್ತಿ ಬೇರೆ ದಾರಿ ಹಿಡಿದಿತ್ತು. ಕೊನೆಯ ಮೂರು ಅಂಕಿ ಬಿಟ್ಟದ್ದಕ್ಕೆ ಅಷ್ಟು ವ್ಯತ್ಯಾಸ. ನಿಜವಾದ ಗಾಳಿಯ ಸ್ವಭಾವವೂ ಅದೇ. ಇವತ್ತಿನ ಸ್ಥಿತಿಯನ್ನು ಎಷ್ಟು ಚೆನ್ನಾಗಿ ಅಳೆದರೂ ಎಲ್ಲೋ ಚೂರು ತಪ್ಪು ಉಳಿಯುತ್ತದೆ, ಅದು ಬೆಳೆಯುತ್ತಾ ಹೋಗಿ ಸುಮಾರು ಎರಡು ವಾರದಲ್ಲಿ ಎಲ್ಲವನ್ನೂ ನುಂಗುತ್ತದೆ. ಹಾಗಾಗಿ ‘ಜನವರಿ 14ಕ್ಕೆ ಹಿಮ ಬೀಳುತ್ತದೆ’ ಎಂದು ಅಕ್ಟೋಬರಿನಲ್ಲಿ ಯಾರಾದರೂ ಹೇಳಿದರೆ ಆ ಪುಟವನ್ನು ಅಲ್ಲಿಗೇ ಮುಚ್ಚಿಬಿಡಿ.

ಮೂರು ತಿಂಗಳ ಮುನ್ಸೂಚನೆ ನೆಚ್ಚಿಕೊಂಡಿರುವುದು ಗಾಳಿಯನ್ನಲ್ಲ, ಮುಖ್ಯವಾಗಿ ಸಮುದ್ರವನ್ನು. ಸಮುದ್ರದ ಮೇಲಿನ ಬರೀ ಮೂರು ಮೀಟರಿನಷ್ಟು ನೀರು ಇಡೀ ವಾತಾವರಣ ಹಿಡಿಯುವಷ್ಟು ಶಾಖ ಹಿಡಿದುಕೊಳ್ಳುತ್ತದೆ. ಅದು ಬೇಗ ಬಿಸಿಯಾಗುವುದಿಲ್ಲ, ಬೇಗ ಆರುವುದೂ ಇಲ್ಲ. ಪೆಸಿಫಿಕ್ ಸಾಗರದ ನಡುಭಾಗದಲ್ಲಿ, ಸಮಭಾಜಕದ ಅಕ್ಕಪಕ್ಕ, ನೀರು ಸಾಧಾರಣಕ್ಕಿಂತ ಅರ್ಧ ಡಿಗ್ರಿಗಿಂತ ಜಾಸ್ತಿ ಬಿಸಿಯಾಗಿ ತಿಂಗಳುಗಟ್ಟಲೆ ಹಾಗೇ ಉಳಿದರೆ ಎಲ್ ನಿನೊ, ಅಷ್ಟೇ ತಣ್ಣಗಾಗಿ ಉಳಿದರೆ ಲಾ ನಿನಾ. ಅಕ್ಟೋಬರಿನಲ್ಲಿ ಎಲ್ ನಿನೊ ಬಲವಾಗಿ ನಿಂತಿದ್ದರೆ ಜನವರಿಯಲ್ಲೂ ಬಹುಪಾಲು ಇದ್ದೇ ಇರುತ್ತದೆ. ಅಂಥ ಚಳಿಗಾಲದಲ್ಲಿ ಕೆನಡಾ ಮತ್ತು ಅಮೆರಿಕದ ಉತ್ತರ ಭಾಗ ಸಾಮಾನ್ಯವಾಗಿ ಬೆಚ್ಚಗಿರುತ್ತವೆ, ಅಮೆರಿಕದ ದಕ್ಷಿಣದಂಚಿನಲ್ಲಿ ಮಳೆ ಜಾಸ್ತಿ. ಒಂದೊಂದು ದಿನ ಹೇಗಿರುತ್ತದೆ ಎಂದು ಇದರಿಂದ ಗೊತ್ತಾಗುವುದಿಲ್ಲ, ತಕ್ಕಡಿ ಯಾವ ಕಡೆ ವಾಲಿದೆ ಎಂಬುದು ಗೊತ್ತಾಗುತ್ತದೆ.

‘ಸಾಮಾನ್ಯವಾಗಿ’ ಎಂಬ ಪದವನ್ನು ಬೇಕೆಂದೇ ಹಾಕಿದ್ದೇನೆ. 2015–16ರ ಎಲ್ ನಿನೊ ದಾಖಲೆಯಲ್ಲಿರುವ ಅತಿ ಬಲವಾದವುಗಳಲ್ಲಿ ಒಂದು. ಬರದಲ್ಲಿ ಬೇಯುತ್ತಿದ್ದ ದಕ್ಷಿಣ ಕ್ಯಾಲಿಫೋರ್ನಿಯಾದ ಜನ ಈ ಸಲವಾದರೂ ಮಳೆ ಸುರಿಯುತ್ತದೆ ಎಂದು ಕಾದರು. ಅಲ್ಲಿ ಆ ಚಳಿಗಾಲ ಒಣಗಿಯೇ ಹೋಯಿತು.

ಹಳೇಛತ್ರಿ:

ಕಡಲಹಕ್ಕಿ, ನೀವು ಹೇಳಿದ್ದನ್ನೆಲ್ಲ ಒಪ್ಪುತ್ತೇನೆ. ಆದರೆ ಕೊನೆಗೆ ಕೈಗೆ ಸಿಗುವುದೇನು? ತಪ್ಪಿದರೂ ‘ನಾವು ಶೇಕಡಾದಲ್ಲಿ ಹೇಳಿದ್ದೆವು’ ಎನ್ನುವವರನ್ನು ಹಿಡಿಯುವುದು ಹೇಗೆ?

2009–10 ನೆನಪಿಸಿಕೊಳ್ಳಿ. ಬ್ರಿಟನ್ನಿನ ಮೆಟ್ ಆಫೀಸ್ ಆ ಚಳಿಗಾಲ ಸಾಧಾರಣ ಅಥವಾ ಅದಕ್ಕಿಂತ ಬೆಚ್ಚಗಿರುವ ಸಾಧ್ಯತೆ ಜಾಸ್ತಿ ಎಂದಿತ್ತು. ಬಂದದ್ದು ಅಲ್ಲಿ 1978–79ರ ನಂತರದ ಅತಿ ತಣ್ಣನೆಯ ಚಳಿಗಾಲ. 2010ರ ಮಾರ್ಚಿನಲ್ಲಿ ಅವರು ಜನಸಾಮಾನ್ಯರಿಗಾಗಿ ಹೊರಡಿಸುತ್ತಿದ್ದ ಋತುವಿನ ಮುನ್ಸೂಚನೆಯನ್ನೇ ನಿಲ್ಲಿಸಿದರು. ಅಷ್ಟು ದೊಡ್ಡ ಸಂಸ್ಥೆಯ ಪಾಡು ಹೀಗಾದರೆ ಮಿಕ್ಕವರದ್ದೇನು? 30 ವರ್ಷದ ಸರಾಸರಿ ನೋಡಿಕೊಂಡು ಟ್ಯಾಂಕು ತುಂಬಿಸಿದರೆ ಸಾಕು ಎಂಬುದು ನನ್ನ ಮಾತು.

ಅಂಕಿಪ್ರೀತಿ:

ಹಳೇಛತ್ರಿ, ಹಿಡಿಯಲು ದಾರಿ ಇದೆ. ಒಂದು ಚಳಿಗಾಲದಿಂದ ಮಾತ್ರ ಆಗುವುದಿಲ್ಲ. ಒಬ್ಬರು ‘ಶೇ 45’ ಎಂದ ಸಂದರ್ಭಗಳನ್ನೆಲ್ಲ ಒಟ್ಟುಗೂಡಿಸಿ. ಅವುಗಳಲ್ಲಿ ನೂರಕ್ಕೆ ಹತ್ತಿರ ಹತ್ತಿರ 45 ಸಲ ಬೆಚ್ಚಗಾಗಿದ್ದರೆ ಅವರ ಮಾತು ನಂಬಬಹುದಾದದ್ದು. 80 ಸಲ ಆಗಿದ್ದರೂ ಅವರು ತಪ್ಪೇ, 20 ಸಲ ಆಗಿದ್ದರೂ ತಪ್ಪೇ. ಗ್ಲೆನ್ ಬ್ರಯರ್ ಎಂಬವರು 1950ರಲ್ಲೇ ಇಂಥ ಮುನ್ಸೂಚನೆಗಳಿಗೆ ಅಂಕ ಕೊಡುವ ಸೂತ್ರ ಬರೆದಿಟ್ಟಿದ್ದಾರೆ, ಅದನ್ನು ಈಗಲೂ ಬಳಸುತ್ತಾರೆ. ದೊಡ್ಡ ಸಂಸ್ಥೆಗಳು ತಮ್ಮ ಅಂಕಪಟ್ಟಿಯನ್ನು ತಾವೇ ಹೊರಗಿಡುತ್ತವೆ. ಅಂಕಪಟ್ಟಿ ತೋರಿಸದೆ ಬರೀ ಬಾಯಿಮಾತಿನಲ್ಲಿ ‘ಕಳೆದ ವರ್ಷ ನಾವೇ ಸರಿ’ ಎನ್ನುವವರನ್ನು ನಾನು ಓದುವುದೇ ಇಲ್ಲ.

30 ವರ್ಷದ ಸರಾಸರಿ ಸಾಕು ಎಂದಿರಿ. ಅದರಲ್ಲೂ ಒಂದು ತೊಡಕಿದೆ. ಭೂಮಿ ಬಿಸಿಯಾಗುತ್ತಿರುವುದರಿಂದ ಎಷ್ಟೋ ಕಡೆ ಈಗಿನ ಚಳಿಗಾಲಗಳು ಆ ಸರಾಸರಿಯನ್ನು ಪದೇ ಪದೇ ದಾಟುತ್ತವೆ. ಹೀಗಾಗಿ ಪ್ರತಿ ವರ್ಷ ಕಣ್ಣುಮುಚ್ಚಿ ‘ಬೆಚ್ಚಗೆ’ ಎಂದವರಿಗೂ ಒಳ್ಳೆಯ ಅಂಕ ಬರುತ್ತದೆ. ಅಂಕಪಟ್ಟಿ ನೋಡುವಾಗ ಇದನ್ನು ಕಳೆದು ನೋಡಬೇಕು. ಕಳೆದ ಮೇಲೆ ಉಳಿಯುವುದು ಕಡಿಮೆ, ಆದರೆ ಸೊನ್ನೆ ಅಲ್ಲ.

ಕಡಲಹಕ್ಕಿ:

ಸೊನ್ನೆ ಅಲ್ಲ ಎಂಬುದಕ್ಕೆ ಒಂದು ಪುರಾವೆ ಕೊಡುತ್ತೇನೆ. ಯುರೋಪಿನ ಚಳಿಗಾಲವನ್ನು ಬಹಳ ಮಟ್ಟಿಗೆ ಆಡಿಸುವುದು ಐಸ್‌ಲ್ಯಾಂಡ್ ಮತ್ತು ಅಜೋರ್ಸ್ ದ್ವೀಪಗಳ ಹತ್ತಿರದ ಗಾಳಿಯೊತ್ತಡಗಳ ವ್ಯತ್ಯಾಸ. ಅದು ಜಾಸ್ತಿ ಇದ್ದರೆ ಸಮುದ್ರದ ಗಾಳಿ ಒಳಗೆ ನುಗ್ಗಿ ಉತ್ತರ ಯುರೋಪ್ ಬೆಚ್ಚಗೆ, ಕುಸಿದರೆ ಕೊರೆಯುವ ಚಳಿ. 2009–10ರಲ್ಲಿ ಆದದ್ದು ಇದೇ ಕುಸಿತ. ಅದೇ ಮೆಟ್ ಆಫೀಸಿನ ಆಡಂ ಸ್ಕೇಫ್ ಮತ್ತು ಜೊತೆಗಾರರು 2014ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. 1993ರಿಂದ 2012ರವರೆಗಿನ 20 ಚಳಿಗಾಲಗಳಿಗೆ, ನವೆಂಬರಿನಿಂದ ಲೆಕ್ಕ ಶುರು ಮಾಡಿ, ಈ ಒತ್ತಡದ ಆಟವನ್ನು ಮೊದಲೇ ಹೇಳಲು ಆಗುತ್ತದಾ ಎಂದು ಪರೀಕ್ಷಿಸಿದ್ದರು. ನಿಜವಾದದ್ದರ ಜೊತೆ ಸಹಸಂಬಂಧ (1 ಎಂದರೆ ಪೂರ್ತಿ ಹೊಂದಿಕೆ, ಸೊನ್ನೆ ಎಂದರೆ ಹೊಂದಿಕೆಯೇ ಇಲ್ಲ) 0.62 ಬಂತು. ವರ್ಷದಿಂದ ವರ್ಷಕ್ಕೆ ಆಗುವ ಏರಿಳಿತದಲ್ಲಿ ಹೆಚ್ಚುಕಡಿಮೆ ಐದರಲ್ಲಿ ಎರಡು ಪಾಲು ಕೈಗೆ ಸಿಕ್ಕ ಹಾಗೆ. ಮೂರು ಪಾಲು ಇನ್ನೂ ಕತ್ತಲಲ್ಲೇ ಇದೆ. ಆದರೂ ನನಗೆ ಇದು ಸಣ್ಣದಲ್ಲ. ಅದಕ್ಕೆ ಮೊದಲು ಅಷ್ಟೂ ಆಗುವುದಿಲ್ಲ ಎಂದೇ ಬಹಳ ಜನ ಅಂದುಕೊಂಡಿದ್ದರು.

ಇನ್ನು ದೀಪದಕಂಬ ಅವರಿಗೆ ಮುಖ್ಯವಾದದ್ದು. ಋತು ಬೆಚ್ಚಗಿದ್ದರೂ ನಡುವೆ ಚಳಿ ಬಂದು ಅಪ್ಪಳಿಸುವುದು ಯಾಕೆ? ಇದಕ್ಕೆ ಒಂದು ದೊಡ್ಡ ಕಾರಣ ತುಂಬಾ ಮೇಲಿದೆ. ಚಳಿಗಾಲದಲ್ಲಿ ಉತ್ತರ ಧ್ರುವದ ಮೇಲೆ, 10ರಿಂದ 50 ಕಿಲೋಮೀಟರ್ ಎತ್ತರದ ಸ್ಟ್ರಾಟೋಸ್ಫಿಯರಿನಲ್ಲಿ, ತಣ್ಣನೆಯ ಗಾಳಿ ಬುಗುರಿಯ ಹಾಗೆ ಸುತ್ತುತ್ತಿರುತ್ತದೆ. ಅದಕ್ಕೆ ಧ್ರುವ ಸುಳಿ ಎನ್ನುತ್ತಾರೆ. ಬುಗುರಿ ಜೋರಾಗಿ ತಿರುಗುವಾಗ ಚಳಿ ಅಲ್ಲೇ ಕಟ್ಟಿಹಾಕಿದಂತೆ ಇರುತ್ತದೆ. ಹತ್ತು ವರ್ಷದಲ್ಲಿ ಸುಮಾರು ಆರು ಸಲ ಅಲ್ಲಿನ ತಾಪಮಾನ ಕೆಲವೇ ದಿನದಲ್ಲಿ ಹತ್ತಾರು ಡಿಗ್ರಿ ಏರಿ ಸುಳಿ ಒಡೆದುಹೋಗುತ್ತದೆ. ಅದರ ಪರಿಣಾಮ ಕೆಳಗಿಳಿಯಲು ಒಂದೆರಡು ವಾರ ಬೇಕು, ಇಳಿದರೆ ವಾರಗಟ್ಟಲೆ ಉಳಿಯುತ್ತದೆ. 2018ರ ಫೆಬ್ರವರಿ 12ರ ಸುಮಾರಿಗೆ ಹಾಗಾಯಿತು, ತಿಂಗಳ ಕೊನೆಗೆ ಸೈಬೀರಿಯಾ ಕಡೆಯಿಂದ ಬಂದ ಗಾಳಿ ಯುರೋಪನ್ನೆಲ್ಲ ನಡುಗಿಸಿತು. 2019ರ ಜನವರಿಯಲ್ಲೂ ಸುಳಿ ಒಡೆಯಿತು, ಯುರೋಪಿಗೆ ಅಂಥದ್ದೇನೂ ಆಗಲಿಲ್ಲ. ಸುಳಿ ಒಡೆಯುವುದನ್ನು ಅಕ್ಟೋಬರಿನಲ್ಲಿ ದಿನಾಂಕ ಹಾಕಿ ಹೇಳಲು ಆಗುವುದಿಲ್ಲ. ಆದರೆ ಒಡೆದ ದಿನವೇ ಗೊತ್ತಾಗುತ್ತದೆ. ನಿಮಗೆ ಒಂದೆರಡು ವಾರದ ಕಾಲಾವಕಾಶ ಸಿಗುವುದು ಅಲ್ಲಿಂದ.

ಬೆಚ್ಚನೆಗೂಡು:

ನಾನೂ 12 ವರ್ಷ ಇದೇ ಕೆಲಸ ಮಾಡಿದವನು. ಲೆಕ್ಕ ಬಿಡಿ, ಮಾಡುವುದೇನು ಎಂದು ಹೇಳುತ್ತೇನೆ.

ಮೊದಲು, 45 ದಿನ, 90 ದಿನದ ದಿನವಾರು ತಾಪಮಾನ ತೋರಿಸುವ ಆ್ಯಪ್ ಇದ್ದರೆ ಅದನ್ನು ತೆಗೆದುಹಾಕಿ. ಅಷ್ಟು ದೂರದ ದಿನಕ್ಕೆ ಬೆಲೆಯಿರುವ ಸಂಖ್ಯೆ ಎಂದರೆ ಆ ದಿನದ ಹಳೇ ಸರಾಸರಿ ಒಂದೇ.

ಆಮೇಲೆ ಎಣ್ಣೆಯನ್ನು ಎರಡು ಭಾಗವಾಗಿ ಯೋಚಿಸಿ. ಇಡೀ ಋತುವಿಗೆ ಎಷ್ಟು ಬೇಕು ಎಂಬುದು ಒಂದು. ಅತಿ ಕೆಟ್ಟ ಹತ್ತು ಹನ್ನೆರಡು ದಿನಕ್ಕೆ ಎಷ್ಟು ಬೇಕು ಎಂಬುದು ಇನ್ನೊಂದು. ಅಕ್ಟೋಬರಿನ ಮುನ್ಸೂಚನೆಯನ್ನು ಮೊದಲನೆಯದಕ್ಕೆ ಮಾತ್ರ ಬಳಸಿ. ಬೆಚ್ಚಗೆ ಎಂದರೆ ಎರಡನೇ ಲೋಡನ್ನು ಒಂದು ತಿಂಗಳು ಮುಂದೆ ಹಾಕಿ, ತಪ್ಪಿಲ್ಲ. ಎರಡನೆಯದನ್ನು ಮಾತ್ರ ಯಾರು ಏನೇ ಹೇಳಿದರೂ ಮುಟ್ಟಬೇಡಿ. ಟೆಕ್ಸಾಸಿನಲ್ಲಿ 2020–21ರ ಚಳಿಗಾಲಕ್ಕೆ ಬೆಚ್ಚಗಿನ ಕಡೆಗೇ ಒಲವಿತ್ತು, ಲಾ ನಿನಾ ವರ್ಷ ಅದು. ಫೆಬ್ರವರಿ ನಡುವಿನ ಒಂದೇ ವಾರದ ಚಳಿಗೆ ಲಕ್ಷಾಂತರ ಮನೆಗಳಲ್ಲಿ ಕರೆಂಟ್ ಹೋಗಿ 200ಕ್ಕೂ ಹೆಚ್ಚು ಜನ ಸತ್ತರು.

ಡಿಸೆಂಬರಿನಿಂದ ಪ್ರತಿ ಸೋಮವಾರ, ಗುರುವಾರ 15 ದಿನದ ಮುನ್ಸೂಚನೆ ನೋಡಿ. ಒಂದೇ ಗೆರೆ ತೋರಿಸುವುದನ್ನಲ್ಲ, ಹತ್ತಾರು ಗೆರೆ ಇರುವುದನ್ನು. ಯುರೋಪಿನ ಮಧ್ಯಮಾವಧಿ ಮುನ್ಸೂಚನಾ ಕೇಂದ್ರ ಒಂದೇ ಲೆಕ್ಕವನ್ನು ಚೂರು ಚೂರು ಬದಲಿಸಿ 51 ಸಲ ಓಡಿಸುತ್ತದೆ, ಒಂದೊಂದು ಸಲಕ್ಕೆ ತಾಪಮಾನದ ಒಂದೊಂದು ಗೆರೆ. ಗೆರೆಗಳೆಲ್ಲ ಪೊರಕೆಯ ಹಾಗೆ ಹರಡಿದ್ದರೆ ಇನ್ನೂ ಏನೂ ನಿರ್ಧಾರವಾಗಿಲ್ಲ ಎಂದರ್ಥ. ಒಟ್ಟಿಗೆ ಕೆಳಗೆ ಬಾಗಲು ಶುರುವಾದರೆ ಅವತ್ತೇ ಟ್ಯಾಂಕರಿಗೆ ಫೋನ್ ಮಾಡಿ, ಹಿಮ ಬಿದ್ದ ಮೇಲಲ್ಲ.

ಹಳೇಛತ್ರಿ:

ಈ ಎರಡು ಭಾಗದ ಮಾತು ನನಗೂ ಹಿಡಿಸಿತು. ನಾನು ಎರಡನ್ನೂ ಒಂದೇ ಎಂದುಕೊಂಡು ಜಗಳ ಆಡುತ್ತಿದ್ದೆ.

ದೀಪದಕಂಬ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬೆಳಿಗ್ಗೆ ನೆಲಮಾಳಿಗೆಗೆ ಹೋಗಿ ಕಳೆದ ಜನವರಿಯ ಬಾಯ್ಲರ್ ಪುಸ್ತಕ ತೆಗೆದೆ. ಆ 11 ದಿನದಲ್ಲಿ ಮೊದಲ ಏಳು ದಿನ ದಿನಕ್ಕೆಷ್ಟು ಎಣ್ಣೆ ಉರಿಯಿತು ಎಂದು ನೋಡಿ 12 ದಿನಕ್ಕೆ ಲೆಕ್ಕ ಹಾಕಿದೆ. ಅಳತೆ ಕೋಲಿನ ಮೇಲೆ ಆ ಮಟ್ಟಕ್ಕೆ ಕೆಂಪು ಬಣ್ಣದ ಗೆರೆ ಎಳೆದಿದ್ದೇನೆ. ಸೈಟಿನಲ್ಲಿ ಏನೇ ಬರಲಿ, ಎಣ್ಣೆ ಆ ಗೆರೆ ಮುಟ್ಟುವ ಮೊದಲೇ ಫೋನ್ ಹೋಗುತ್ತದೆ.

ಬೆಚ್ಚನೆಗೂಡು ಅವರೇ, ಒಂದು ಮಾತು ಕೇಳುವುದು ಮರೆತೆ. ಆ 51 ಗೆರೆಗಳಲ್ಲಿ ಎಷ್ಟು ಬಾಗಿದರೆ ನೀವು ಫೋನ್ ಎತ್ತುತ್ತಿದ್ದಿರಿ?

ಬೆಚ್ಚನೆಗೂಡು:

ಮೂರರಲ್ಲೊಂದು ಪಾಲು. 17 ಗೆರೆ ಬಾಗಿದರೆ ಸಾಕು ನನಗೆ. ನೆಲಮಹಡಿಯಲ್ಲಿ ವಯಸ್ಸಾದವರು ಇದ್ದರೆ ಹತ್ತಕ್ಕೇ ಮಾಡಿ.