ಸಹಾಯ ಬೇಕು: ನೋಯದ ಹುಣ್ಣಿಗೆ ನಿಮ್ಮೂರಾಗ ಏನಂತಾರ?

ಯಾದಗಿರಿ, ಶಹಾಪುರ, ಸುರಪುರ ಕಡೆಯ ಆಶಾ ಕಾರ್ಯಕರ್ತೆಯರು, ನರ್ಸ್‌ಗಳು ದಯವಿಟ್ಟು ಓದಿ. ಲೈಂಗಿಕ ಸೋಂಕಿನ ಲಕ್ಷಣಗಳ ಬಗ್ಗೆ ಒಂದು ಪುಟದ ಕರಪತ್ರ ತಯಾರಾಗುತ್ತಿದೆ. ಮಾಹಿತಿ ಇದೆ, ಊರ ಮಾತು ಬೇಕು.

ದೊಡ್ಡ ತೊಡಕು ಸಿಫಿಲಿಸ್. ಸಂಪರ್ಕವಾಗಿ ಸುಮಾರು 3 ವಾರಕ್ಕೆ (10ರಿಂದ 90 ದಿನದೊಳಗೆ) ಗುಪ್ತಾಂಗದಲ್ಲಿ ಹೆಚ್ಚಾಗಿ ಒಂದೇ ಹುಣ್ಣು ಏಳುತ್ತದೆ. ದುಂಡಗೆ, ಬುಡ ಮುಟ್ಟಿದರೆ ಗಟ್ಟಿ, ನೋವಿಲ್ಲ. 3ರಿಂದ 6 ವಾರದಲ್ಲಿ ತಾನೇ ಮಾಯುತ್ತದೆ. ಮಾಯಿತಲ್ಲ ಅಂತ ಸುಮ್ಮನಾದರೆ ರೋಗ ಮೈಯೊಳಗೇ ಉಳಿದು, ಮುಂದೆ ಅಂಗೈ, ಅಂಗಾಲಲ್ಲಿ ತುರಿಸದ ಕಂದು ಕಲೆಗಳಾಗಿ ಬರಬಹುದು. ಗರ್ಭಿಣಿಯಿಂದ ಮಗುವಿಗೂ ದಾಟಬಹುದು. ಹುಣ್ಣು ಅಂದರೆ ಜನ ನೋಯುವುದನ್ನೇ ನೆನೆಯುತ್ತಾರೆ. ನೋಯದ್ದಕ್ಕೆ ನಿಮ್ಮಲ್ಲಿ ಬೇರೆ ಪದ ಇದೆಯೇ?

ಗೊನೋರಿಯಾದಲ್ಲಿ ಗಂಡಸರಿಗೆ ಸಾಮಾನ್ಯವಾಗಿ 2ರಿಂದ 7 ದಿನಕ್ಕೆ ಉರಿಮೂತ್ರ, ಹಳದಿ ಕೀವು. "ಉಷ್ಣ ಆಗ್ಯಾದ" ಅಂತ ಮಜ್ಜಿಗೆ ಕುಡಿದು ದಿನ ದೂಡಬಾರದು. ಕೀವು ಕಂಡರೆ ಅದು ಉಷ್ಣವಲ್ಲ. ಹೆಂಗಸರಿಗೆ ಎಷ್ಟೋ ಸಲ ಲಕ್ಷಣವೇ ಇರುವುದಿಲ್ಲ. ಹಾಗಾಗಿ ಜೋಡಿಯಲ್ಲಿ ಒಬ್ಬರಿಗೆ ಬಂದರೆ ಇಬ್ಬರಿಗೂ ಚಿಕಿತ್ಸೆ ಆಗಲೇಬೇಕು, ಇಲ್ಲದಿದ್ದರೆ ಮತ್ತೆ ತಗಲುತ್ತದೆ.

"ಬಿಳಿ ಹೋಗೋದು" ಎಂಬ ಒಂದೇ ಮಾತಿನಲ್ಲಿ ಸಹಜ ಸ್ರಾವವೂ (ತೆಳ್ಳಗೆ, ಕೆಟ್ಟ ವಾಸನೆಯಿಲ್ಲ) ಸೋಂಕಿನದೂ (ಹಸಿರು-ಹಳದಿ, ನಾರುವುದು) ಕಲೆತುಹೋಗಿದೆ. ಎರಡನ್ನೂ ಬೇರ್ಪಡಿಸುವ, ಹೇಳಲು ಹೆಂಗಸರು ನಾಚದಂಥ ಪದ ತುರ್ತಾಗಿ ಬೇಕು.

ಪರೀಕ್ಷೆಗೆ ಜಿಲ್ಲಾಸ್ಪತ್ರೆಯ ಸುರಕ್ಷಾ ಕ್ಲಿನಿಕ್, ವಿಚಾರಿಸಲು 1097 ಸಹಾಯವಾಣಿ ಎಂದು ಕೆಳಗೆ ಹಾಕುತ್ತಿದ್ದೇವೆ. ಪದ ಬರೆಯುವಾಗ ತಾಲೂಕಿನ ಹೆಸರೂ ಹಾಕಿ. ದಖನಿ ಮಾತಿನವೂ ಬರಲಿ.